ಕಂಪೈಲರಿಗೆ ನಮ್ಮತ್ತೆಯ ಕಾವಲು

ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿ ದಿನಾ ಎರಡು ಸಲ ಸಾಯುವುದಕ್ಕಿಂತ ಕೋಗಿಲಿನ ಮನೆಯಲ್ಲೇ ಕೂತು ಒಂದೇ ಸಲ ಸಾಯುವುದು ವಾಸಿ ಎಂದು ನಂಬಿದವಳು ನಾನು. ಆದ್ದರಿಂದ ನಮ್ಮ ಮ್ಯಾನೇಜರು, "ಮನೆಯಿಂದ ನಿಮ್ಮ ಕೆಲಸ ತುಂಬಾ ಸ್ಲೋ ಆಗ್ತಿದೆ, ಹಿಂಗೇ ಆದ್ರೆ ಆಫೀಸಿಗೆ ಬರ್ಬೇಕಾಗುತ್ತೆ" ಎಂದಾಗ ಎದೆ ಧಸಕ್ಕೆಂದಿತು.

ಸ್ಲೋ ನಾನಲ್ಲ, ಕಂಪ್ಯೂಟರು. ಕೋಡಿನಲ್ಲಿ ಒಂದೇ ಒಂದು ಸಾಲು ಬದಲಿಸಿ ಬಿಲ್ಡ್ ಹಾಕಿದರೂ, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮಹಾಶಯ ಹೊಸದಾಗಿ ಎದ್ದು, ಮೈಮುರಿದು, ಎಲ್ಲವನ್ನೂ ಮೊದಲಿಂದ ಓದುತ್ತಿದ್ದ. ಅಷ್ಟರಲ್ಲಿ ಸೊಪ್ಪು ಬಿಡಿಸಿ ಸಾರಿಗೆ ಒಗ್ಗರಣೆ ಹಾಕಿ ಬರಬಹುದಿತ್ತು.

ಗೆಳತಿಯೊಬ್ಬಳು ಫೋನಿನಲ್ಲಿ ಬೈದಳು: "ಅವನನ್ನ ಯಾಕೆ ಮಲಗಿಸ್ತೀಯೇ? ಬಿಲ್ಡ್ ಮುಗಿದ್ಮೇಲೂ ಓಡ್ತಾನೇ ಇರೋ ಹಾಗೆ ಸೆಟ್ ಮಾಡು. ಓದಿದ್ದೆಲ್ಲ ನೆನಪಲ್ಲಿರುತ್ತೆ."

ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಿಲ್ಡ್ ಮುಗಿಯಿತು. ಆದರೆ ಊಟ ಮಾಡಿ ಬಂದರೆ ಕಂಪ್ಯೂಟರೇ ಆರಿರುತ್ತಿತ್ತು, ಮತ್ತೆ ಅದೇ ರಾಗ ಅದೇ ಹಾಡು. ದಿನಾ ಕರೆಂಟಿನವರಿಗೆ ಹಿಡಿಶಾಪ ಹಾಕುತ್ತಿದ್ದೆ. ಕೊನೆಗೊಂದು ಮಧ್ಯಾಹ್ನ ಅನ್ನದ ತಟ್ಟೆ ಹಿಡಿದೇ ಎದ್ದು ಬಂದು ನೋಡಿದರೆ, ನಮ್ಮತ್ತೆ ಪ್ಲಗ್ ಕೀಳುತ್ತಿದ್ದರು.

"ಯಾರೂ ಕುಂತಿಲ್ಲ, ಸುಮ್ಕೆ ಉರೀತಾ ಐತೆ. ಇಂಗೆ ಬುಟ್ಟು ಉಣ್ಣಾಕ್ ಕುಂತ್ರೆ ಮನೆ ಉಳಿತದಾ?"

ಪಿತ್ತ ನೆತ್ತಿಗೇರಿತು. ಆದರೆ ಅತ್ತೆಯ ಹತ್ತಿರ ಜಗಳ ಗೆದ್ದವರನ್ನು ನಾನಿನ್ನೂ ಕಂಡಿಲ್ಲ. ದನಿ ಇಳಿಸಿದೆ.

"ಅತ್ತೆ, ಸೌದೆ ಒಲೆ ಇದ್ದಾಗ ರಾತ್ರಿ ಅದನ್ನ ಪೂರ್ತಿ ಆರಿಸ್ತಿದ್ರಾ?"

"ಎಲ್ಲಾರಾ ಉಂಟಾ? ಕೆಂಡದ್ ಮ್ಯಾಲೆ ಬೂದಿ ಮುಚ್ತಿದ್ವಿ. ಬೆಳಿಗ್ಗೆ ಊದಿದ್ರೆ ಸಾಕು."

"ಇದರೊಳಗೂ ಅಂಥದ್ದೇ ಕೆಂಡ ಇದೆ."

"ಮದ್ಲೇ ಯೋಳಕ್ಕೇನಾಗಿತ್ತು ನಿಂಗೆ?"

ಅಂದಿನಿಂದ ಅತ್ತೆಯದೇ ಕಾವಲು. ಫೋನ್ ಚಾರ್ಜ್ ಮಾಡಲು ಆ ಪ್ಲಗ್ಗಿಗೆ ಕೈ ಹಾಕಿದ ಮಾವನಿಗೆ ಆದ ಮಂಗಳಾರತಿಯನ್ನು ಪಕ್ಕದ ಲೇಔಟಿನವರೂ ಕೇಳಿರಬೇಕು. ನನ್ನ ಕೆಲಸ ಕುದುರೆಯಂತೆ ಓಡಿತು. ಮ್ಯಾನೇಜರು ಎಷ್ಟು ಮೆಚ್ಚಿಕೊಂಡರೆಂದರೆ, "ಇದನ್ನ ಇಡೀ ಟೀಮಿಗೆ ಕಲಿಸ್ಬೇಕು ನೀವು. ಸೋಮವಾರದಿಂದ ದಿನಾ ಆಫೀಸಿಗೆ ಬಂದ್ಬಿಡಿ" ಎಂದರು.

ಸೋಮವಾರ ಕ್ಯಾಬಿನಲ್ಲಿ ಕೂತು ಮುಂದಿನ ಬಸ್ಸಿನ ಬೆನ್ನು ನೋಡುತ್ತಿದ್ದೆ. ಅಳು ಬರುವಷ್ಟು ಸಿಟ್ಟು ಬಂದಿತ್ತು. ಅಷ್ಟರಲ್ಲಿ ಮತ್ತೆ ಅತ್ತೆಯ ಫೋನು, ಅರ್ಧ ಗಂಟೆಯಲ್ಲಿ ಎರಡನೇ ಸಲ.

"ಪ್ಲಗ್ ಮುಟ್ಟಾಕ್ ಯಾರ್ನೂ ಬುಟ್ಟಿಲ್ಲ ಕಣವ್ವಾ, ಕೆಂಡ ಅಂಗೇ ಐತೆ. ಆಫೀಸು ಮುಟ್ಟುದ್ಯಾ?"

"ಇಲ್ಲ ಅತ್ತೆ, ಹೆಬ್ಬಾಳ" ಎಂದೆ.

"ಅಯ್ಯೋ, ಆಗ್ಲೂ ಅಲ್ಲೇ ಇದ್ದೆಯಲ್ಲಾ!"