ರಾಜನನ್ನು ಕರೆತಂದವಳು

ಸಿನಿಮಾ ನೋಡಬೇಕೆಂದರೆ ಬೆಂಗಳೂರಿಗೇ ಹೋಗಬೇಕಿದ್ದ ಆ ಕಾಲದಲ್ಲಿ, ಸಿನಿಮಾ ತೆಗೆಯುವ ಕಂಪನಿಯೊಂದು ತಾನೇ ದೇವನಹಳ್ಳಿಗೆ ಬಂದು ಕೋಟೆಯೊಳಗೆ ಬೀಡುಬಿಟ್ಟಿತ್ತು. ನನಗೆ ಕಾನ್ವೆಂಟಿನ ಬೇಸಿಗೆ ರಜ. ಆ ಬೆಳಿಗ್ಗೆಯೂ ಎಂದಿನಂತೆ ಅಮ್ಮ ನನ್ನ ನೆತ್ತಿಗೆ ಹರಳೆಣ್ಣೆ ತಟ್ಟಿ ಜಡೆ ಹೆಣೆದು, ಕಾಳುಮೆಣಸು ಕುದಿಸಿದ ನೀರಿನ ಲೋಟ ಕೈಗಿತ್ತಳು. "ಮಾವನಿಗೆ ಕೊಟ್ಟು ಬಾ. ಗಂಟಲು ಬೆಚ್ಚಗಿರ್ಲಿ."

ಮಾವ ಎಂದರೆ ನಮ್ಮ ಮುಂದಿನ ಕೋಣೆಯಲ್ಲಿ ಇಳಿದುಕೊಂಡಿದ್ದ ನಾಟಕದ ನರಸಪ್ಪನವರು. ಚಿತ್ರದಲ್ಲಿ ಅವರೇ ರಾಜ. ಆದರೆ ಮೂರು ದಿನದಿಂದ ಕೆಲಸ ನಿಂತಿತ್ತು. ಕ್ಯಾಮೆರಾದ ಮುಂದೆ ಅವರು ಹಾಡಿನ ಪಲ್ಲವಿ ಮುಗಿಸಿದ್ದೇ ತಡ, ನೋಡಲು ನೆರೆದಿದ್ದ ಜನ ಅಭ್ಯಾಸಬಲದಿಂದ "ವನ್ಸ್ ಮೋರ್!" ಎಂದು ಕೂಗಿದ್ದರು. ಇವರೂ ಅಭ್ಯಾಸಬಲದಿಂದ ಕ್ಯಾಮೆರಾಕ್ಕೆ ಬೆನ್ನು ಹಾಕಿ, ಜನರಿಗೆ ಕೈಮುಗಿದು, ಮೊದಲಿನಿಂದ ಹಾಡಿಬಿಟ್ಟರು. ಯುದ್ಧದ ಕಾಲ, ಸಿಗುವುದೇ ದುರ್ಲಭವಾಗಿದ್ದ ಫಿಲ್ಮು ಹಾಳಾಯಿತು.

"ನಾಟಕದ ಚಪ್ಪರ ಅಂದ್ಕೊಂಡ್ಯೇನಯ್ಯಾ? ದನ ಕಾಯೋರು ಕೂಗಿದ್ರೆ ತಿರುಗಿ ನಿಂತು ಹಾಡೋಕೆ?" ಎಂದು ಡೈರೆಕ್ಟರು ಎಲ್ಲರೆದುರು ಗದರಿದರು.

ಮಾವ ಕಿರೀಟ ತೆಗೆದಿಟ್ಟರು. "ತಪ್ಪಾಯ್ತು ಅನ್ನೋವರ್ಗೂ ಬಣ್ಣ ಹಚ್ಚಲ್ಲ."

ಅವರ ನಾಟಕ ಕಂಪನಿಯಿಂದಲೇ ಬಂದಿದ್ದ ನಟರು, ಬಡಗಿಗಳು, ದೀಪದವರು ಎಲ್ಲರೂ ಅವರ ಹಿಂದೆಯೇ ಎದ್ದು ಬಂದಿದ್ದರು.

ಲೋಟ ಹಿಡಿದ ನನ್ನನ್ನು ಆ ದಿನ ಜಗಲಿಯಲ್ಲೇ ಡೈರೆಕ್ಟರು ತಡೆದರು. ಬಿಳಿ ಪ್ಯಾಂಟಿಗೆ ಧೂಳಾಗುವುದನ್ನೂ ಲೆಕ್ಕಿಸದೆ ಮಂಡಿಯೂರಿ, ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ಊರಲ್ಲಿ ಯಾರೂ ನನ್ನೊಡನೆ ಹಾಗೆ ಮಾತಾಡಿರಲಿಲ್ಲ. ತಪ್ಪು ನನ್ನದೇ, ನಾನು ಕರೆದರೆ ಅವರು ಬರಲಾರರು, ನೀನೇ ಹೇಳಿ ಕರೆದುಕೊಂಡು ಬಾ ಎಂದರು.

ಮಾವ ನೀರು ಮುಟ್ಟದೆ ಕೇಳಿದರು. "ತಪ್ಪಾಯ್ತು ಅಂತ ಅವ್ರ ಬಾಯಲ್ಲೇ ಬಂತೇನಮ್ಮ, ಪುಟ್ಟಿ?"

"ಹೂಂ ಮಾವ. ಪಾಪ, ಮಂಡಿ ಊರಿದ್ರು."

"ಹಂಗಾದ್ರೆ ನಡಿ. ನೀನು ಸುಳ್ಳು ಹೇಳೋಳಲ್ಲ."

ಅವರ ಬೆರಳು ಹಿಡಿದು ಕೋಟೆಗೆ ಕರೆದೊಯ್ದೆ. ಅವರು ಬಣ್ಣಕ್ಕೆ ಕೂತದ್ದು ಕಂಡು ಉಳಿದವರೂ ಕೂತರು. ಸಣ್ಣದೊಂದು ಸೀನು: ಬಾಣ ತಗುಲಿ ರಾಜ ಬೀಳಬೇಕು. ಮಾವ ಬಿದ್ದರು, ಕಣ್ಣು ಮುಚ್ಚಿದರು, ಚಿತ್ರ ತೆಗೆದಾಯಿತು. ನಾಟಕದವರಲ್ಲಿ ಸತ್ತ ಪಾತ್ರ ಎದ್ದು ಮಂಗಳ ಹಾಡದೆ ಬಣ್ಣ ಕಳಚುವಂತಿಲ್ಲ. ಅವರು ಎದ್ದು ಕೈಮುಗಿದು ದನಿ ತೆಗೆಯುವಷ್ಟರಲ್ಲಿ ಡೈರೆಕ್ಟರು ಹೇಳಿದರು:

"ಸಾಕು. ಕತೆ ಬದಲಾಯ್ಸಿದೀವಿ. ರಾಜ ಸತ್ತಾಯ್ತು, ಇನ್ನೇನಿದ್ರೂ ಮಗನ ಕತೆ. ನೀವು ಊರಿಗೆ ಹೊರಡ್ಬಹುದು."

ಮಗನ ಪಾತ್ರದವನು ಮಾವನೇ ಹಾಡು ಕಲಿಸಿ ಬೆಳೆಸಿದ ಶಿಷ್ಯ. ಮಾವ ಅವನತ್ತ ತಿರುಗಿದರು.

"ನಿಂಗೆ ಗೊತ್ತಿತ್ತೇನ್ಲಾ?"

ಅವನು ಶಲ್ಯದ ಜರಿ ಸರಿಮಾಡಿಕೊಳ್ಳುತ್ತಲೇ ಇದ್ದ. "ಹೊಟ್ಟೆಪಾಡು ಕಣಣ್ಣಾ."

ಈ ಸಲ ಅವರ ಹಿಂದೆ ಯಾರೂ ಏಳಲಿಲ್ಲ. ಬಸ್ಸಿಗೆ ಹೊರಡುವಾಗ ಮಾವ ಅಮ್ಮನಿಗೆ ಕೈಮುಗಿದರು. ಕಿವಿಯ ಹಿಂದೆ ಬಣ್ಣ ಇನ್ನೂ ಉಳಿದಿತ್ತು. ನನ್ನನ್ನು ಹತ್ತಿರ ಕರೆಯಲಿಲ್ಲ.

ಈಗ ಮೊಮ್ಮಕ್ಕಳನ್ನು ಕಂಡಿದ್ದೇನೆ. ಆ ಬೆಳಗಿನಷ್ಟು ನಿಶ್ಚಿಂತೆಯಿಂದ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಯ್ದದ್ದು ಮತ್ತೆ ಎಂದೂ ಇಲ್ಲ. ಅಂದು ಸಂಜೆ ಪಕ್ಕದ ಮನೆ ರಾಮಕ್ಕ ಹುಣಸೆ ಬೀಜ ಬಿಡಿಸುತ್ತಾ ಅಮ್ಮನಿಗೆ ಹೇಳುತ್ತಿದ್ದರು:

"ಅಲ್ಲಾ ಕಣಮ್ಮಿ, ಮೂರ್ ದಿನದಿಂದ ಗಂಡಸ್ರ ಕೈಲಾಗದ್ನ ನಿನ್ ಮಗಳು ಒಂದ್ ಗಳಿಗೇಲಿ ಮಾಡ್ಬಿಟ್ಲಂತಲ್ಲ! ಇಂಗ್ಲೀಷ್ ಓದಿಸಿದ್ದು ದಂಡ ಆಗ್ಲಿಲ್ಲ ಬಿಡು."