ಅಜ್ಜಿ ಸುಮ್ಮನಿದ್ದ ಹನ್ನೆರಡು ಸೆಕೆಂಡು

ಬಟ್ಟೆ ಸೋಪಿನ ವಾಸನೆ ಬಂದರೆ ಬೇರೆಯವರಿಗೆ ಒಗೆಯುವ ಕಲ್ಲು ನೆನಪಾಗಬಹುದು. ನನಗೆ ನೆನಪಾಗುವುದು ಕಂಪ್ಯೂಟರ್ ಲ್ಯಾಬ್, ಅಲ್ಲಿದ್ದ ಮೇಡಂ. ಮೊನ್ನೆ ಮಗಳ ಯೂನಿಫಾರ್ಮ್ ನೆನೆಹಾಕುವಾಗ ಜೇಬಿನಿಂದ ಪೆನ್‌ಡ್ರೈವ್ ಒಂದು ಬಕೆಟ್ಟಿಗೆ ಬಿತ್ತು. ಅದನ್ನು ಎತ್ತಿ ಒರೆಸುತ್ತಾ ಅಲ್ಲೇ ಕೂತುಬಿಟ್ಟೆ...

ನಾನಾಗ ದೇವನಹಳ್ಳಿ ಹತ್ತಿರ ಡಿಪ್ಲೊಮಾ ಓದುತ್ತಿದ್ದೆ. ಅಲ್ಲಿ ಏರ್‌ಪೋರ್ಟ್ ಆಗಿ ವಿಮಾನಗಳು ಬರಲು ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ನಮ್ಮೂರಿನ ಹೊಲಗಳೆಲ್ಲ ಬೇಲಿಯ ಆಚೆ, ರನ್‌ವೇ ಕಡೆಗೆ ಸೇರಿಹೋಗಿದ್ದವು. ಒಂದೊಂದು ಹೊಲಕ್ಕೂ ಒಂದೊಂದು ಹೆಸರಿತ್ತು. ಅವನ್ನು ಊರಬಾಗಿಲಿನಿಂದ ಕೆರೆಯವರೆಗೆ ಸಾಲಾಗಿ ಹೇಳಬಲ್ಲವಳು ನಮ್ಮಜ್ಜಿ ಒಬ್ಬಳೇ ಉಳಿದಿದ್ದಳು. ಕಾಲೇಜಿನಿಂದ ರೆಕಾರ್ಡರ್ ತಂದು ಅವಳ ಮುಂದಿಟ್ಟು, “ನೀನ್ ಹೇಳ್ತಾ ಇರಜ್ಜಿ, ಡೈರಿಗೆ ಹಾಲು ಹಾಕ್ಬಿಟ್ಟು ಬರ್ತೀನಿ” ಎಂದು ಹೋದೆ. ಬರುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿ ಎಲೆಅಡಿಕೆ ಮೆಲ್ಲುತ್ತಿದ್ದಳು. ಆಮೇಲೆ ಕೇಳಿದರಾಯಿತು ಎಂದು ಬಿಟ್ಟೆ. ಮುಂದಿನ ತಿಂಗಳೇ ಅಜ್ಜಿ ತೀರಿಕೊಂಡಳು. ಆ ಗಡಿಬಿಡಿಯಲ್ಲಿ ರೆಕಾರ್ಡರಿನ ಮೆಮೊರಿ ಕಾರ್ಡು ನನ್ನ ಚೂಡಿದಾರದ ಜೇಬಿನಲ್ಲೇ ಉಳಿದು, ಅರ್ಧ ದಿನ ಸೋಪಿನ ನೀರಿನಲ್ಲಿ ನೆನೆಯಿತು.

ಮೇಡಂ ನಂದಗುಡಿ ಕಡೆಯವರು. ಪಾಠ ಮಾಡುವವರಲ್ಲ, ಲ್ಯಾಬ್ ನೋಡಿಕೊಳ್ಳುವವರು. ಬೆಳಿಗ್ಗೆ ಹಸು ಕರೆದು, ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಸಿ ಭಾಷೆ ಅವರಿಗೆ ಗೊತ್ತಿದ್ದಷ್ಟು ಲೆಕ್ಚರರಿಗೂ ಗೊತ್ತಿರಲಿಲ್ಲ. ಈ ವಿಷಯ ಲೆಕ್ಚರರಿಗೂ ಗೊತ್ತಿತ್ತು.

ಕಾರ್ಡನ್ನು ಮೂಸಿ ನೋಡಿ, “ಏನಮ್ಮಾ, ಚೆನ್ನಾಗೇ ಒಗೆದಿದೀಯ” ಎಂದು ನಕ್ಕರು. ನಡುವೆ ಎಲ್ಲೋ ಓದಲಾಗದಂತೆ ಕಾರ್ಡು ಕೆಟ್ಟಿತ್ತು. ಅವರೇ ಒಂದು ಪ್ರೋಗ್ರಾಂ ಬರೆದರು. ಓದಲು ಬಂದಷ್ಟನ್ನು ಹೊಸ ಫೈಲಿಗೆ ಬರೆಯುವುದು, ಬಾರದ ಕಡೆ ಏನೂ ಬರೆಯದೆ ಅಷ್ಟು ಜಾಗ ಹಾರಿ ಮುಂದಕ್ಕೆ ಹೋಗುವುದು. ಹಾಗೆ ಬರೆಯದೆ ಬಿಟ್ಟ ಜಾಗಕ್ಕೆ ಹೋಲ್ ಎನ್ನುತ್ತಾರಂತೆ. ಹೋಲ್ ಎಷ್ಟೇ ಇದ್ದರೂ ಫೈಲಿನ ಅಳತೆ ಮಾತ್ರ ಪೂರ್ತಿ ತೋರಿಸುತ್ತದೆ. ನಾನು ಅಳತೆ ನೋಡಿಯೇ ಕುಣಿದಾಡಿ, ಪೆನ್‌ಡ್ರೈವಿಗೆ ಹಾಕಿಸಿಕೊಂಡು ಮನೆಗೆ ಓಡಿದೆ.

ಅಜ್ಜಿಯ ದನಿ ಕೇಳಿ ಅಮ್ಮ ಕಣ್ಣೊರೆಸಿಕೊಂಡಳು. ಆದರೆ “ಕುಂಟೆ ಹೊಲ” ಎಂದಮೇಲೆ ಒಂದು ನಿಮಿಷ ಸದ್ದೇ ಇಲ್ಲ. ಮುಂದೆ “ಹೊಂಗೆಮರದ್ ಹೊಲ, ಅದರಾಚೆಗೆ...” ಎಂದು ಮತ್ತೆ ಮೌನ, ಹನ್ನೆರಡು ಸೆಕೆಂಡು. ಆಮೇಲೆ ನೇರ ಕೆರೆ ಕೆಳಗಿನ ಗದ್ದೆ. ಅಜ್ಜಿಯೇ ಸುಮ್ಮನಾದಳೋ, ಹೇಳಿದ್ದನ್ನು ಕಾರ್ಡು ನುಂಗಿತೋ? ನುಂಗಿದ್ದರೆ ತಪ್ಪು ನನ್ನದು. ಒಂದು ವಾರ ಅತ್ತು, ಕೊನೆಗೆ ಮೇಡಂ ಹತ್ತಿರ ಹೋಗಿ ಹೇಳಿದೆ.

“ಕಿವಿಗೆ ಗೊತ್ತಾಗಲ್ಲಮ್ಮ” ಎಂದರು ಮೇಡಂ. “ಬರೀದೇ ಇರೋ ಜಾಗ ಓದಿದ್ರೂ ಸೊನ್ನೆ ಅಂತಲೇ ಕೊಡುತ್ತೆ, ಕೇಳೋಕೆ ಅದೂ ಮೌನಾನೇ. ಅಲ್ಲಿ ಬರೆದಿದಾರೋ ಇಲ್ವೋ ಅಂತ ಸಿಸ್ಟಮ್ಮನ್ನೇ ಕೇಳ್ಬೇಕು.”

ಹಾಗೆ ಸಿಸ್ಟಮ್ಮನ್ನು ಕೇಳುವ ಆಜ್ಞೆಯ ಹೆಸರು ಎಲ್‌ಸೀಕ್. ಫೈಲಿನೊಳಗೆ ಬೇಕಾದ ಜಾಗಕ್ಕೆ ಹೋಗಿ ನಿಲ್ಲಲು ನಾವೂ ಅದನ್ನು ಬಳಸಿದ್ದೆವು. ಅದಕ್ಕೇ ಸೀಕ್ ಹೋಲ್ ಎಂದು ಹೇಳಿದರೆ ಮುಂದಿನ ಖಾಲಿ ಜಾಗ ಎಲ್ಲಿ ಶುರು ಎಂದು ತಿಳಿಸುತ್ತದೆ, ಸೀಕ್ ಡೇಟಾ ಎಂದರೆ ಮತ್ತೆ ಬರಹ ಎಲ್ಲಿಂದ ಎಂದು. ಇಪ್ಪತ್ತು ಸಾಲಿನ ಪ್ರೋಗ್ರಾಂ. ನನ್ನ ಪೆನ್‌ಡ್ರೈವಿನ ಮೇಲೆ ಓಡಿಸಿದರು. ಫೈಲಿನ ನಡುವೆ ಒಂದೂ ಹೋಲ್ ಇಲ್ಲ! ನಾನು ಚಪ್ಪಾಳೆ ತಟ್ಟಿದೆ.

“ತಾಳು ತಾಳು. ಪೆನ್‌ಡ್ರೈವ್‌ಗೆ ಹೋಲ್ ಇಟ್ಕೊಳಕ್ಕೆ ಬರಲ್ಲ. ಕಾಪಿ ಮಾಡುವಾಗ ಖಾಲಿ ಇರೋ ಕಡೆಗೆಲ್ಲ ಸೊನ್ನೆ ತುಂಬ್ಬಿಡುತ್ತೆ. ಮೊದಲಿನ ಫೈಲ್ ನೋಡ್ಬೇಕು.”

ಅದು ಲ್ಯಾಬಿನ ಮೂಲೆಯ ಯಂತ್ರದಲ್ಲಿತ್ತು. ಪರೀಕ್ಷೆಗೆಂದು ಎಲ್ಲ ಯಂತ್ರಗಳನ್ನೂ ಅಳಿಸಿದ್ದ ಮೇಡಂ ಅದೊಂದನ್ನು ಮುಟ್ಟಿರಲಿಲ್ಲ. ಅದರ ಮೇಲೆ ಓಡಿಸಿದಾಗ ನಡುವೆ ಒಂದೇ ಒಂದು ಹೋಲ್ ಬಂತು. ಮೇಡಂ ಹಾಜರಿ ಹಾಳೆಯ ಹಿಂದೆ ಹೋಲಿನ ಬೈಟುಗಳನ್ನು ಸೆಕೆಂಡಿಗೆ ಇಷ್ಟು ಬೈಟು ಎಂದು ಭಾಗಿಸಿ ಹೊತ್ತು ತೆಗೆದರು. ಕುಂಟೆ ಹೊಲದ ನಂತರದ ಆ ಒಂದು ನಿಮಿಷ. ಅಲ್ಲಿದ್ದ ಹೆಸರುಗಳು ಹೋಗಿದ್ದವು, ನನ್ನ ಕೈಯಾರೆ.

“ಎರಡನೇದು ಹೋಲ್ ಅಲ್ಲಮ್ಮ. ಅಲ್ಲಿ ಬರೆದಿದೆ” ಎಂದು ವಾಲ್ಯೂಮ್ ಪೂರ್ತಿ ಏರಿಸಿ ಹೆಡ್‌ಫೋನ್ ನನಗೆ ಕೊಟ್ಟರು. ಉಸಿರು ಕೇಳಿಸಿತು. ಬಳೆ ಸದ್ದು. ಸಣ್ಣಗೆ ನಕ್ಕ ಹಾಗೆ... ಏನೂ ಇಲ್ಲದ ಕಡೆ ಏನೋ ಇದೆ ಎಂದು, ಅಜ್ಜಿಯನ್ನು ಕಂಡೇ ಇರದ ಇವರು ಇಪ್ಪತ್ತು ಸಾಲಿನಲ್ಲಿ ಹೇಳಿಬಿಟ್ಟರಲ್ಲ!

ಮೇಡಂ ಹಾಜರಿ ಹಾಳೆ ಮಡಿಚಿಟ್ಟು ಕೇಳಿದರು: “ಹೊಂಗೆಮರದ ಪಕ್ಕದ ಹೊಲ ಯಾರ್ದು?”

“ನಮ್ ತಾತಂದು, ಮೇಡಂ.”

“ಊರೋರು ಏನಂತಿದ್ರು ಅದನ್ನ?”

“ಪಿಳ್ಳಪ್ಪನ್ ಹೊಲ...” ಎಂದವಳೇ ಬಾಯಿ ಮುಚ್ಚಿಕೊಂಡೆ.

“ಗಂಡನ ಹೆಸ್ರು ಅವರು ಹೆಂಗಮ್ಮ ಹೇಳ್ತಾರೆ? ನಮ್ಮತ್ತೇನೂ ಹಿಂಗೇ ನಕ್ಕೊಂಡು ಸುಮ್ನಾಗ್ಬಿಡ್ತಾರೆ.”

ಒಂದು ವಾರ ಅಳುತ್ತಾ ಕೂತವಳಿಗೆ ಇಷ್ಟು ಹೊಳೆದಿರಲಿಲ್ಲ. ಅಷ್ಟು ದೊಡ್ಡ ತಿಳಿವಳಿಕೆಯನ್ನು ಅಷ್ಟು ಹಗುರವಾಗಿ ಹೊತ್ತು ತಿರುಗಿದವರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಅವತ್ತು ಥ್ಯಾಂಕ್ಸ್ ಎಂದೆನೋ ಇಲ್ಲವೋ ನೆನಪಿಲ್ಲ. ಅವರಿಗೆ ಬಸ್ಸಿನ ಹೊತ್ತಾಗಿತ್ತು.

ಎರಡು ವರ್ಷದ ಹಿಂದೆ ಹಳೆಯ ಸಹಪಾಠಿಯೊಬ್ಬಳು ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ, ಲ್ಯಾಬ್ ಮೇಡಂ ತೀರಿಕೊಂಡರಂತೆ ಎಂದಳು. ಕಾಲೇಜಿದ್ದ ಕಡೆ ಈಗ ಹೋಟೆಲಿದೆ. ಮಗಳ ಪೆನ್‌ಡ್ರೈವ್ ಒಣಗಿ ಸರಿಹೋಯಿತು. ಅಜ್ಜಿಯ ಫೈಲು ನನ್ನ ಹತ್ತಿರ ಇವತ್ತಿಗೂ ಇದೆ. ಕುಂಟೆ ಹೊಲದ ಆಚೆಗಿನ ಹೆಸರುಗಳು ಇನ್ನು ಸಿಗುವುದಿಲ್ಲ.

ಇಷ್ಟು ಬರೆದರೂ ಮೇಡಂ ಹೆಸರು ಎಲ್ಲೂ ಹೇಳಿಲ್ಲ ಎಂಬುದು ಈಗ ಗಮನಕ್ಕೆ ಬಂತು. ಮರೆತು ಬಿಟ್ಟಿದ್ದಲ್ಲ. ಅವರ ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ.