ಒಂದು ಕುರಿಮರಿಯ ಪರೀಕ್ಷೆ

ತೆಗೆದ ಗರ್ಭಕೋಶವನ್ನು ಲ್ಯಾಬಿಗೆ ಕಳಿಸಲು ನನಗೆ ಒಂದು ಕುರಿಮರಿ ಖರ್ಚಾಯಿತು. ಜಹೀರಾಬಾದಿನ ಆಸ್ಪತ್ರೆಯಲ್ಲಿ ಅರಿವಳಿಕೆಯ ಮಂಪರು ಇನ್ನೂ ಇಳಿದಿರಲಿಲ್ಲ. ಚಾವಣಿಯ ತುಂಬ ನನ್ನ ಕುರಿಗಳು ಮೋಡದಂತೆ ಮೇಯುತ್ತಿದ್ದವು. ಅವುಗಳಾಚೆ ಎಲ್ಲೋ ನನ್ನ ಯಜಮಾನರ ದನಿ.

"ಬರೇ ಗಂಟು ಅಂದ್ರಲ್ರಿ ಡಾಕ್ಟರ್ ಮೇಡಂ. ಒಗ್ಯಾದಕ್ಕ ಮತ್ಯಾಕ ಲ್ಯಾಬು?"

ನಾರಾಯಣಖೇಡದ ಸಂತೆಯಲ್ಲಿ ಹಲ್ಲು ನೋಡದೆ ಕುರಿ ಕೊಂಡವಳಲ್ಲ ನಾನು. "ನೋಡಿಸ್ರಿ," ಎಂದೆ, "ಒಂದು ಮರಿ ಮಾರ್ರಿ."

"ಮಂಪರಿನ್ಯಾಗೂ ಯಾಪಾರ ಬಿಡಂಗಿಲ್ಲ ನೋಡ್ರಿ ಈಕಿ!"

ಸ್ಕ್ಯಾನಿನಲ್ಲಿ ಸಾದಾ ಗಂಟಿನಂತೆ ಕಂಡದ್ದು ಲ್ಯಾಬಿನ ವರದಿಯಲ್ಲಿ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್ ಆಗಿತ್ತು. ಈಗ ಮೂರು ತಿಂಗಳಿಗೊಮ್ಮೆ ಹೈದರಾಬಾದಿನಲ್ಲಿ ತಪಾಸಣೆ. ಸ್ಕ್ಯಾನ್ ಯಂತ್ರದೊಳಗೆ ಮಲಗಿದರೆ ಕುರಿಗಳು ಮತ್ತೆ ಬರುತ್ತವೆ.

ನೀವೂ ಗರ್ಭಕೋಶ ತೆಗೆಸಿದರೆ ಅದು ಲ್ಯಾಬಿಗೆ ಹೋಯಿತೇ ಎಂದು ಕೇಳಿ, ವರದಿ ಕೈಗೆ ಬರುವವರೆಗೂ ಬೆನ್ನು ಬಿಡಬೇಡಿ. ಅದರಲ್ಲಿ ಕ್ಯಾನ್ಸರ್ ಎಂದಿದ್ದರೆ, ಲ್ಯಾಬಿನವರು ಗಂಟಿನ ತುಣುಕನ್ನು ಗಾಜಿನ ಮೇಲಿಟ್ಟು ನೋಡಿದ ಸ್ಲೈಡುಗಳನ್ನು ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಮ್ಮೆ ನೋಡಿಸಿ. ಚೌಕಾಸಿ ಮಾಡಲೇಬೇಕೆಂದರೆ ರೂಮಿನ ಬಾಡಿಗೆಗೆ ಮಾಡಿ.